ಶಟರ್ ಎತ್ತೋದು ಮೋಟರ್ ಅಲ್ಲ

ಮೊದಲೇ ಹೇಳಿಬಿಡ್ತೀವಿ, ಈ ಲೇಖನದಲ್ಲಿ ‘ನಾವು’ ಅಂದ್ರೆ ಅಕ್ಕ-ತಂಗಿ ಇಬ್ಬರು. ಒಬ್ಬಳು ಇದೇ ಕ್ಯಾಂಪಸ್ಸಿನಲ್ಲಿ ಎಲೆಕ್ಟ್ರಾನಿಕ್ಸ್ ಸೆಕೆಂಡ್ ಇಯರ್. ಇನ್ನೊಬ್ಬಳು ಮೂಡಬಿದಿರೆಯಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಪಿಯುಸಿ ಓದ್ತಿದ್ದಾಳೆ. ಇಬ್ಬರೂ ನರ್ಸರಿಯಿಂದ ಇಂಗ್ಲಿಷ್ ಮೀಡಿಯಂ. ಹಾಗಾಗಿ ಒತ್ತಕ್ಷರ ಎಲ್ಲಾದ್ರೂ ಜಾರಿದ್ರೆ ಸಂಪಾದಕರು ಸರಿ ಮಾಡಿರ್ತಾರೆ ಅನ್ನೋ ಧೈರ್ಯದಲ್ಲಿ ಬರೀತಿದ್ದೀವಿ. ವಿಷಯ ದೊಡ್ಡದೇನಲ್ಲ. ನಮ್ಮ ಮನೆ ಕಾರ್ ಶೆಡ್ಡಿನ ಬಾಗಿಲಿಗೆ ಮೋಟರ್ ಆರಿಸಿದ ಕಥೆ.

ನಮ್ಮ ಮನೆ ತುಮಕೂರಿನಲ್ಲಿ. 30 ಬೈ 40 ಸೈಟು. ರಸ್ತೆ ಕಡೆಗೆ ತಾತ ದಿನಸಿ ಅಂಗಡಿ ಇಟ್ಟಿದ್ರು. ತಾತ ಹೋದ ಮೇಲೆ ಅಂಗಡಿ ನಡೆಸೋರು ಯಾರೂ ಇರಲಿಲ್ಲ. ಎರಡು ವರ್ಷ ಖಾಲಿ ಬಿದ್ದಿತ್ತು. ಆಮೇಲೆ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದು ಅದರೊಳಗೆ ನಿಲ್ಲಿಸಿದ್ರು. ಅಕ್ಕಿ, ಬೇಳೆ ರೇಟು ಬರೀತಿದ್ದ ಕಪ್ಪು ಹಲಗೆ ಇವತ್ತಿಗೂ ಗೋಡೆ ಮೇಲಿದೆ. ಇಂಗ್ಲಿಷ್ ಸಿನಿಮಾದಲ್ಲಿ ಬರೋ ಥರ ಬಿಳಿ ಗ್ಯಾರೇಜ್ ಡೋರ್ ಅಲ್ಲ ನಮ್ಮದು. ಅಂಗಡಿಯ ರೋಲಿಂಗ್ ಶಟರ್. 9 ಅಡಿ ಅಗಲ, 8 ಅಡಿ ಎತ್ತರ.

ಅದನ್ನು ಎತ್ತೋದು ಅಪ್ಪನ ಕೆಲಸ. ಬೆಳಗ್ಗೆ 7:40ಕ್ಕೆ ಬಗ್ಗಿ, ಎರಡೂ ಕೈ ಹಿಡಿಗೆ ಹಾಕಿ, ‘ಹುಂ’ ಅಂತ ಒಂದು ಸದ್ದು ಮಾಡಿ ಎತ್ತೋರು. ಬೀದಿಗೆಲ್ಲ ಕೇಳಿಸೋದು. ಆದರೆ ಕಾರು ಓಡಿಸೋದು ಅಪ್ಪ ಅಲ್ಲ, ಅಮ್ಮ. ಅಮ್ಮ ಗುಬ್ಬಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಐದು ವರ್ಷದಿಂದ ಅವರೇ ಡ್ರೈವ್ ಮಾಡ್ಕೊಂಡು ಹೋಗಿ ಬರ್ತಾರೆ. ಸಂಜೆ ವಾಪಸ್ ಬಂದಾಗ ಅಪ್ಪ ಇನ್ನೂ ಆಫೀಸಿನಿಂದ ಬಂದಿರದಿದ್ರೆ ಕಾರು ರಸ್ತೆಯಲ್ಲೇ ನಿಲ್ಲುತ್ತೆ. ಗೇರು, ಕ್ಲಚ್ಚು, ಹೈವೇಯ ಲಾರಿ ಎಲ್ಲ ನಿಭಾಯಿಸೋ ಅಮ್ಮನಿಗೆ ಸ್ವಂತ ಮನೆ ಬಾಗಿಲು ಮಾತ್ರ ತೆಗೆಯೋಕೆ ಆಗ್ತಿರಲಿಲ್ಲ. ನಮಗೆ ಅದು ವಿಚಿತ್ರ ಅಂತಾನೇ ಅನ್ನಿಸಿರಲಿಲ್ಲ. ಶಟರ್ ಅಂದ್ರೆ ಅಪ್ಪ, ಅಷ್ಟೇ.

ಕಳೆದ ಆಷಾಢದಲ್ಲಿ ಅಪ್ಪನ ಸೊಂಟ ಹಿಡೀತು. ಡಿಸ್ಕ್ ಜರುಗಿದೆ ಅಂದ್ರು. ಬಗ್ಗಿ ಭಾರ ಎತ್ತೋದು ಪೂರ್ತಿ ಬಂದ್ ಅಂದ್ರು ಡಾಕ್ಟರ್. ಮೊದಲ ವಾರ ಪಕ್ಕದ ಮನೆಯ ಹುಡುಗ ಬಂದು ಎತ್ತಿಕೊಟ್ಟ. ಒಂದು ದಿನ ಅವನು ಊರಲ್ಲಿರಲಿಲ್ಲ. ಅಮ್ಮ ತಾವೇ ಕೈ ಹಾಕಿದ್ರು. ಮೊಣಕಾಲಿನ ತನಕ ಬಂದ ಶಟರ್ ಕೈ ಜಾರಿ ಕೆಳಗೆ ಬಿತ್ತು. ಎರಡು ಬೆರಳು ಸಿಕ್ಕಿಕೊಂಡು ಉಗುರು ಕಪ್ಪಾಯ್ತು. ಅವತ್ತು ಬಸ್ಸು ಹಿಡಿದು, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಸೇರಿದ್ರಂತೆ. ನಮಗೆ ಹೇಳಿದ್ದು ಮೂರು ದಿನ ಬಿಟ್ಟು, ಅದೂ ನಗ್ತಾ. “ಚಾಕ್‌ಪೀಸ್ ಹಿಡಿಯೋಕೆ ಎಡಗೈ ಅಭ್ಯಾಸ ಮಾಡ್ಕೊಂಡೆ ಕಣ್ರೇ” ಅಂತ.

ಫೋನ್ ಇಟ್ಟ ಮೇಲೆ ನಮ್ಮಿಬ್ಬರಿಗೂ ನಗು ಬರಲಿಲ್ಲ. ಮೂಡಬಿದಿರೆಯಿಂದ ಒಂದು, ಇಲ್ಲಿಂದ ಒಂದು, ಹೀಗೆ ರಾತ್ರಿ ಹನ್ನೊಂದರ ತನಕ ಮೆಸೇಜ್ ಹೋದವು. ಕೊನೆಗೆ ವಾಟ್ಸಾಪ್‌ನಲ್ಲಿ ‘ಶಟರ್ ಕಮಿಟಿ’ ಅಂತ ಗ್ರೂಪ್ ಮಾಡಿದ್ವಿ. ಸದಸ್ಯರು ಇಬ್ಬರೇ. ತೀರ್ಮಾನ: ದಸರಾ ರಜೆಯೊಳಗೆ ಮೋಟರ್ ಹಾಕಿಸಬೇಕು.

ಇಂಜಿನಿಯರಿಂಗ್ ಓದೋರು ಮೊದಲು ಏನು ಮಾಡ್ತಾರೋ ಅದನ್ನೇ ಮಾಡಿದ್ವಿ. ಯೂಟ್ಯೂಬ್ ನೋಡಿದ್ವಿ. ಅಲ್ಲಿ ಗ್ಯಾರೇಜ್ ಡೋರ್ ಓಪನರ್ ಅಂತ ಹುಡುಕಿದ್ರೆ ಸಿಗೋದೆಲ್ಲ ಅಮೆರಿಕದ್ದು. ಅಲ್ಲಿಯ ಬಾಗಿಲು ಅಗಲವಾದ ನಾಲ್ಕೈದು ಹಲಗೆಗಳನ್ನು ಕೀಲು ಹಾಕಿ ಜೋಡಿಸಿದ್ದು. ಮೇಲೆ ಹೋದಾಗ ಸೂರಿನ ಕೆಳಗೆ ಅಡ್ಡ ಮಲಗುತ್ತೆ. ಸೂರಿಗೆ ಒಂದು ಮೋಟರ್ ಪೆಟ್ಟಿಗೆ, ಅದರಿಂದ ಬಾಗಿಲ ತನಕ ಒಂದು ಹಳಿ, ಹಳಿ ಮೇಲೆ ಚೈನು ಅಥವಾ ಬೆಲ್ಟು ಎಳೆಯೋ ಒಂದು ಗಾಡಿ. ಚೈನು ಅಗ್ಗ ಆದರೆ ಸದ್ದು ಜಾಸ್ತಿ, ಬೆಲ್ಟು ದುಬಾರಿ ಆದರೆ ಸದ್ದು ಕಡಿಮೆ. ಮೂರು ರಾತ್ರಿ ಕೂತು ಇದನ್ನೆಲ್ಲ ಟೇಬಲ್ ಹಾಕಿ, ಒಂದನ್ನು ಕಾರ್ಟಿಗೂ ಹಾಕಿದ್ವಿ. ಆಮೇಲೆ ಚಿಕ್ಕವಳು ಕೇಳಿದಳು: “ನಮ್ಮ ಶಟರ್ ಸೂರಿನ ಕೆಳಗೆ ಮಲಗಲ್ವಲ್ಲ, ಚಾಪೆ ಥರ ಸುತ್ತಿಕೊಳ್ಳುತ್ತೆ. ಈ ಹಳಿ ಎಲ್ಲಿ ಕೂರುತ್ತೆ?”

ಎಲ್ಲೂ ಕೂರಲ್ಲ. ಕಾರ್ಟ್ ಖಾಲಿ ಮಾಡಿದ್ವಿ. ಬಾಗಿಲು ಯಾವುದು ಅಂತ ನೋಡದೆ ಮೋಟರ್ ನೋಡಬಾರದು, ಇದು ಮೊದಲನೇ ಪಾಠ.

ರೋಲಿಂಗ್ ಶಟರಿಗೆ ಹಾಕೋ ಮೋಟರ್‌ಗಳಲ್ಲಿ ನಮ್ಮ ಕಡೆ ಮುಖ್ಯವಾಗಿ ಮೂರು ಥರ. ಒಂದು, ಸೈಡ್ ಮೋಟರ್. ಶಟರ್ ಸುತ್ತಿಕೊಳ್ಳೋ ಪೈಪಿನ ಒಂದು ತುದಿಯಲ್ಲಿ ಕೂತು, ಸೈಕಲ್ಲಿನ ಹಾಗೆ ಚೈನಿಂದ ಪೈಪನ್ನು ತಿರುಗಿಸುತ್ತೆ. ದೊಡ್ಡ ಗೋಡೌನು, ಫ್ಯಾಕ್ಟರಿಗಳಲ್ಲಿ ಇದೇ. ಕರೆಂಟ್ ಹೋದ್ರೆ ಕೈಯಿಂದ ಎಳೆಯೋಕೆ ಪಕ್ಕದಲ್ಲೊಂದು ಸರಪಳಿ ನೇತಾಡ್ತಿರುತ್ತೆ. ಎರಡು, ಟ್ಯೂಬ್ ಮೋಟರ್. ಪೈಪಿನ ಒಳಗೇ ಅಡಗಿ ಕೂರುತ್ತೆ, ನೋಡೋಕೆ ಚೆಂದ. ಹಗುರ ಶಟರ್, ಕಿಟಕಿ ಶಟರ್‌ಗಳಿಗೆ ಹೆಚ್ಚು ಬಳಸ್ತಾರೆ. ಮೂರು, ಸೆಂಟ್ರಲ್ ಮೋಟರ್. ಪೈಪಿನ ನಡುವೆ ಉಂಗುರದ ಹಾಗೆ ಕೂರುತ್ತೆ. ಸ್ಪ್ರಿಂಗ್ ಇರೋ ಶಟರಿಗೆ, ಸ್ಪ್ರಿಂಗ್ ತೆಗೆಯದೆ ಹಾಕೋ ಮೋಟರ್ ಇದು.

ಇನ್ನು ಲೆಕ್ಕ. ಫಸ್ಟ್ ಇಯರ್ ಫಿಸಿಕ್ಸ್ ಉಪಯೋಗಕ್ಕೆ ಬಂತು ಅಂತ ಬಹಳ ಖುಷಿ. ಶಟರಿನ ವಿಸ್ತೀರ್ಣ 72 ಚದರ ಅಡಿ. ತಗಡಿನ ದಪ್ಪ, ಪಟ್ಟಿಗಳ ಮಡಿಕೆ ಎಲ್ಲ ಅಂದಾಜು ಮಾಡಿ ತೂಕ ಸುಮಾರು 80 ಕೆಜಿ ಅಂತ ಇಟ್ಕೊಂಡ್ವಿ. 80 ಕೆಜಿಯನ್ನು ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಎತ್ತೋಕೆ ಬೇಕಾದ ಪವರ್ 80 ಇಂಟು 9.8 ಇಂಟು 0.1, ಅಂದ್ರೆ ಹತ್ತಿರ ಹತ್ತಿರ 80 ವ್ಯಾಟ್. ಒಂದು ಸೀಲಿಂಗ್ ಫ್ಯಾನಿನಷ್ಟು! ಗೇರುಗಳಲ್ಲಿ ಮುಕ್ಕಾಲು ಪಾಲು ಹಾಳಾಗುತ್ತೆ ಅಂದುಕೊಂಡ್ರೂ 320 ವ್ಯಾಟ್. ಮಿಕ್ಸಿಗಿಂತ ಕಡಿಮೆ. ಹಾಗಾದ್ರೆ 300 ಕೆಜಿ ಎತ್ತೋ ಸೈಡ್ ಮೋಟರ್ ಹಾಕಿಬಿಟ್ರೆ ಮೂರು ಪಟ್ಟು ಸೇಫ್, ಮಾತೇ ಇಲ್ಲ ಅಂತ ಕಮಿಟಿ ಒಮ್ಮತದಿಂದ ಪಾಸ್ ಮಾಡಿತು. ಅಪ್ಪನಿಗೆ ಪಿಡಿಎಫ್ ಕಳಿಸಿದ್ವಿ. ಅಪ್ಪ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ್ರು.

ದಸರಾ ರಜೆಗೆ ಇಬ್ಬರೂ ಮನೆಗೆ ಬಂದ್ವಿ. ತಾತನ ಕಾಲದಲ್ಲಿ ಈ ಶಟರ್ ಕೂರಿಸಿದ್ದ ಮೇಸ್ತ್ರಿಯನ್ನೇ ಅಪ್ಪ ಕರೆಸಿದ್ರು. ವಯಸ್ಸು ಅರವತ್ತರ ಮೇಲೆ. ನಾವು ಪ್ರಿಂಟ್ ತೆಗೆದಿಟ್ಟಿದ್ದ ಲೆಕ್ಕವನ್ನು ಗೌರವದಿಂದ ಪೂರ್ತಿ ನೋಡಿದ್ರು. ಆಮೇಲೆ ಹಾಳೆ ಮಡಚಿ ವಾಪಸ್ ಕೊಟ್ಟು, “ಚೆನ್ನಾಗ್ ಬರ್ದಿದೀರ ಕಣ್ರಮ್ಮ. ಮೋಟ್ರು ಆಮೇಲೆ. ಮೊದ್ಲು ಶಟ್ರು ಅರ್ಧಕ್ಕೆ ನಿಲ್ಸಿ ನೋಡಣ” ಅಂದ್ರು.

ಪಕ್ಕದ ಮನೆಯ ಹುಡುಗನ ಜೊತೆ ಸೇರಿ ಸೊಂಟದೆತ್ತರಕ್ಕೆ ಎತ್ತಿ ಕೈ ಬಿಟ್ರು. ಶಟರ್ ದಡದಡ ಅಂತ ಕೆಳಗೆ ಬಂದು ನೆಲಕ್ಕೆ ಬಡೀತು.

“ನೋಡಿದ್ರಾ? ಸರಿ ಇರೋ ಶಟ್ರು ಅರ್ಧಕ್ಕೆ ಬಿಟ್ರೆ ಅಲ್ಲೇ ನಿಲ್ಬೇಕು. ಬಿಟ್ರೆ ಬೀಳ್ತಿದೆ ಅಂದ್ರೆ ಅದಕ್ಕೆ ಸ್ಪ್ರಿಂಗ್ ಇಲ್ಲ ಅಂತ್ಲೇ ಅರ್ಥ. ಇದನ್ನ ಇಷ್ಟು ದಿನ ಎತ್ತಿದ್ದು ನಿಮ್ಮಪ್ಪನ ಸೊಂಟ.”

ಏಣಿ ಹಾಕಿ ಮೇಲಿನ ಮುಚ್ಚಳ ತೆಗೆದ್ರು. ಪೈಪಿನ ಮೇಲೆ ಮೂರು ಸ್ಪ್ರಿಂಗ್ ಇದ್ದವು, ಹಳೇ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಉಕ್ಕಿನ ಪಟ್ಟಿ. ಒಂದು ಮುರಿದಿತ್ತು, ಎಂದೋ. ಉಳಿದೆರಡು ಸಡಿಲ ಆಗಿದ್ದವು.

ಇಲ್ಲಿ ನಮ್ಮ ಲೆಕ್ಕ ಎಲ್ಲಿ ತಪ್ಪಿತ್ತು ಅಂತ ಹೇಳ್ಬೇಕು. ಗುಣಾಕಾರದಲ್ಲಿ ತಪ್ಪಿರಲಿಲ್ಲ. 80 ಕೆಜಿಯನ್ನು ಯಾರೋ ಎತ್ತಬೇಕು ಅಂತ ಅಂದುಕೊಂಡದ್ದೇ ತಪ್ಪು. ಶಟರ್ ಕೆಳಗೆ ಇಳಿದಷ್ಟೂ ಪೈಪಿನಿಂದ ಬಿಚ್ಚಿಕೊಂಡು ನೇತಾಡೋ ಭಾಗ ಹೆಚ್ಚಾಗುತ್ತೆ, ಅಂದ್ರೆ ಎಳೆಯೋ ಭಾರ ಹೆಚ್ಚಾಗುತ್ತೆ. ಅದೇ ಹೊತ್ತಿಗೆ ಪೈಪು ತಿರುಗಿ ಸ್ಪ್ರಿಂಗ್ ಇನ್ನಷ್ಟು ಬಿಗಿಯಾಗುತ್ತೆ. ಭಾರ ಏರಿದ ಹಾಗೆ ಸ್ಪ್ರಿಂಗಿನ ಬಲವೂ ಏರುತ್ತೆ. ಹೂಕ್ ನಿಯಮವನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೀವೋ ಲೆಕ್ಕವಿಲ್ಲ, ಅದು ಹದಿನೈದು ವರ್ಷದಿಂದ ನಮ್ಮ ತಲೆ ಮೇಲೇ ಇತ್ತು ಅಂತ ಗೊತ್ತಿರಲಿಲ್ಲ. ಇಳಿಯುವಾಗ ಶಟರಿನ ಭಾರ ಬಿಟ್ಟುಕೊಡೋ ಶಕ್ತಿಯನ್ನು ಸ್ಪ್ರಿಂಗ್ ಜೋಪಾನ ಮಾಡಿಟ್ಟು, ಎತ್ತುವಾಗ ವಾಪಸ್ ಕೊಡುತ್ತೆ. ಕೈಗೆ ಬರೋದು ಉಜ್ಜಾಟದ ಭಾರ ಮಾತ್ರ. ಅಮೆರಿಕದ ಆ ಬಿಳಿ ಬಾಗಿಲುಗಳಲ್ಲೂ ಅಷ್ಟೇ. ಬಾಗಿಲು ಎತ್ತೋದು ಸ್ಪ್ರಿಂಗು. ಓಪನರ್ ಅನ್ನೋದು ಬರೀ ತಳ್ಳೋ ಕೈ.

ಒಂದು ಎಚ್ಚರಿಕೆ: ಈ ಸ್ಪ್ರಿಂಗ್ ಕೆಲಸವನ್ನು ಮನೆಯಲ್ಲಿ ಯಾರೂ ಮಾಡೋಕೆ ಹೋಗಬೇಡಿ. ಬಿಗಿ ಇರೋ ಸ್ಪ್ರಿಂಗ್ ಕೈ ತಪ್ಪಿದ್ರೆ ಮೂಳೆ ಮುರಿಯುತ್ತೆ. ಮೇಸ್ತ್ರಿ ನಮ್ಮನ್ನು ಏಣಿಯ ಹತ್ತಿರಕ್ಕೂ ಬಿಡಲಿಲ್ಲ.

ಮೂರೂ ಸ್ಪ್ರಿಂಗ್ ಹೊಸದು ಹಾಕಿ, ಬಿಗಿ ಮಾಡಿ, ಪಕ್ಕದ ಚಾನೆಲ್‌ಗಳಲ್ಲಿ ಕೂತಿದ್ದ ಹಳೇ ಗ್ರೀಸು, ಮಣ್ಣು ಕೆರೆದು ತೆಗೆದು ಹೊಸ ಗ್ರೀಸ್ ಹಚ್ಚಿದ್ರು. ಮಧ್ಯಾಹ್ನ ಮೂರು ಗಂಟೆ ಆಗಿತ್ತು. “ಟೀಚರಮ್ಮಾ, ಬನ್ನಿ ಇಲ್ಲಿ. ನೀವೇ ಎತ್ತಿ” ಅಂದ್ರು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದ್ರು. ಬೆರಳಿನ ಉಗುರು ಅರ್ಧ ಹೊಸದು, ಅರ್ಧ ಕಪ್ಪು. ಅನುಮಾನದಲ್ಲೇ ಹಿಡಿ ಹಿಡಿದು ಎತ್ತಿದ್ರು. ಶಟರ್ ಒಂದೇ ಕೈಯಲ್ಲಿ ಎದೆಯ ತನಕ ಬಂತು. ಅಲ್ಲೇ ನಿಂತಿತು. ಕೈ ಬಿಟ್ರು. ಬೀಳಲಿಲ್ಲ.

ಅಮ್ಮ ಏನೂ ಮಾತಾಡಲಿಲ್ಲ. ಒಂದು ಸಲ ಇಳಿಸಿದ್ರು, ಮತ್ತೆ ಎತ್ತಿದ್ರು. ಮತ್ತೆ ಇಳಿಸಿದ್ರು. ಆಮೇಲೆ ಕೇಳಿದ್ದು ಇಷ್ಟೇ: “ಇದನ್ನ ಮೊದಲೇ ಯಾಕೆ ಮಾಡಿಸಲಿಲ್ಲ?”

ಅಪ್ಪ ಜಗಲಿ ಮೇಲೆ ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಕೂತಿದ್ರು. “ವರ್ಷ ವರ್ಷಕ್ಕೂ ಭಾರ ಜಾಸ್ತಿ ಆಗ್ತಿತ್ತು. ನನಗೇ ವಯಸ್ಸಾಯ್ತು ಅಂದ್ಕೊಂಡೆ” ಅಂದ್ರು.

ಆ ಮಾತಿಗೆ ನಾವು ಏನು ಹೇಳ್ಬೇಕೋ ತಿಳೀಲಿಲ್ಲ. ಸ್ಪ್ರಿಂಗ್ ಒಂದೇ ದಿನ ಸೋಲೋದಿಲ್ಲ. ದಿನಕ್ಕೆ ಇಷ್ಟಿಷ್ಟು ಸೋಲುತ್ತೆ. ಅದು ಬಿಟ್ಟಷ್ಟನ್ನು ಅಪ್ಪ ಹೊತ್ತುಕೊಂಡು ಬಂದಿದ್ರು, ಯಾರಿಗೂ ಹೇಳದೆ. ಆ ‘ಹುಂ’ ಅನ್ನೋ ಸದ್ದು ನಮಗೆ ಅಲಾರಂ ಥರ ಇತ್ತು. ಅದು ನೋವಿನ ಸದ್ದು ಅಂತ ನಾವು ಒಂದು ದಿನವೂ ಯೋಚಿಸಿರಲಿಲ್ಲ.

ಹಾಗಾದ್ರೆ ಮೋಟರ್ ಬೇಕಾ ಬೇಡ್ವಾ? ಅವತ್ತು ರಾತ್ರಿ ಊಟಕ್ಕೆ ಕೂತಾಗ ಇದೇ ಚರ್ಚೆ. ಅಪ್ಪ ಬೇಡ ಅಂದ್ರು, ಅಮ್ಮ ಎತ್ತುತ್ತಾಳಲ್ಲ ಅಂತ. ಅಮ್ಮ ಬೇಕು ಅಂದ್ರು. ಮಳೆಯಲ್ಲಿ ಕಾರಿಂದ ಇಳಿದು, ಬೀಗ ತೆಗೆದು, ಎತ್ತಿ, ಮತ್ತೆ ಕಾರು ಹತ್ತೋದು ಕಷ್ಟ. ಮುಖ್ಯವಾಗಿ ಅಪ್ಪ ಇನ್ನು ಯಾವತ್ತೂ ಬಗ್ಗಬಾರದು. ಶಟರ್ ಹಗುರ ಆಯ್ತು ಅಂತ ಅಪ್ಪ ಸುಮ್ಮನಿರೋ ಪೈಕಿ ಅಲ್ಲ ಅಂತ ಅಮ್ಮನಿಗೆ ಗೊತ್ತು. ಮೋಟರ್ ಬೇಕು ಅಂತ ಆಯ್ತು. ಆದರೆ ಈ ಸಲ ಪ್ರಶ್ನೆ ಬೇರೆ ಇತ್ತು. ಎಷ್ಟು ಕೆಜಿ ಎತ್ತುತ್ತೆ ಅಂತಲ್ಲ. ಕರೆಂಟ್ ಇಲ್ಲದ ಬೆಳಗ್ಗೆ 7:40ಕ್ಕೆ ಅಮ್ಮ ಒಬ್ಬರೇ ಶಟರ್ ತೆಗೆಯೋಕೆ ಆಗುತ್ತಾ?

ಈ ಪ್ರಶ್ನೆ ಕೇಳಿದ ಕೂಡಲೇ ನಮ್ಮ ಟೇಬಲ್ ತಲೆಕೆಳಗಾಯ್ತು. ಸೈಡ್ ಮೋಟರಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇಲ್ಲದ ಪೈಪು. ಪೂರ್ತಿ ಭಾರ ಮೋಟರಿನದೇ. ಕರೆಂಟ್ ಹೋದ್ರೆ ಸರಪಳಿಯನ್ನು ಕೈ ಸೋಲೋ ತನಕ ಎಳೀಬೇಕು, ಆ ಸರಪಳಿ ಇರೋದೂ ಒಳಗಡೆ. ಸೆಂಟ್ರಲ್ ಮೋಟರಿನಲ್ಲಿ ಸ್ಪ್ರಿಂಗ್ ಹಾಗೇ ಉಳಿಯುತ್ತೆ. ಕರೆಂಟ್ ಇಲ್ಲದಾಗ ಮೋಟರಿನ ಬ್ರೇಕ್ ಶಟರನ್ನು ಹಿಡಿದಿರುತ್ತೆ. ಒಂದು ತಂತಿ ಎಳೆದ್ರೆ ಬ್ರೇಕ್ ಬಿಡುತ್ತೆ, ಆಮೇಲೆ ಕೈಯಲ್ಲಿ ಎತ್ತೋದೇ. ಅಡುಗೆಮನೆಯಿಂದ ಶೆಡ್ಡಿಗೆ ಒಂದು ಒಳಬಾಗಿಲಿರೋದರಿಂದ ತಂತಿ ಒಳಗಿದ್ರೂ ಅಮ್ಮನಿಗೆ ಸಿಗುತ್ತೆ. ಒಳಬಾಗಿಲು ಇಲ್ಲದ ಮನೆಯವರು ತಂತಿಯನ್ನು ಬೀಗ ಇರೋ ಸಣ್ಣ ಪೆಟ್ಟಿಗೆಯಲ್ಲಿಟ್ಟು ಹೊರಗಡೆ ಹಾಕಿಸಿಕೊಳ್ಳಬೇಕು, ಮರೀಬೇಡಿ. ಇಲ್ಲದಿದ್ರೆ ಕರೆಂಟ್ ಹೋದ ದಿನ ಕಾರು ಒಳಗೆ, ನೀವು ಹೊರಗೆ.

ಹೀಗೆ ಸೆಂಟ್ರಲ್ ಮೋಟರ್ ಪಾಸಾಯ್ತು.

ಆಮೇಲೆ ಅಜ್ಜಿ ವಿಷಯ. ಅಜ್ಜಿಗೆ 78. ಸಂಜೆ ಹೊತ್ತು ಶಟರಿನ ಕೆಳಗೇ ಮಣೆ ಹಾಕಿಕೊಂಡು ಸೊಪ್ಪು ಬಿಡಿಸ್ತಾ, ರಸ್ತೆಯಲ್ಲಿ ಹೋಗೋರನ್ನ ಮಾತಾಡಿಸ್ತಾ ಕೂರೋದು ಅಂಗಡಿ ಕಾಲದಿಂದ ಅವರ ಅಭ್ಯಾಸ. ಕಿವಿ ಸ್ವಲ್ಪ ಮಂದ. ಮೋಟರಿಗೆ ಅಜ್ಜಿ ಯಾರು ಅಂತ ಗೊತ್ತಿಲ್ಲ. ಅಮೆರಿಕದಲ್ಲಿ ಈ ಬಾಗಿಲುಗಳ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ ಕಾನೂನೇ ಬಂತು. 1993ರ ಜನವರಿ 1ರಿಂದ ಅಲ್ಲಿ ತಯಾರಾಗೋ ಮನೆ ಓಪನರ್‌ಗಳಲ್ಲಿ, ಮುಚ್ಚುವಾಗ ಯಾರಾದ್ರೂ ಸಿಕ್ಕಿಕೊಳ್ಳದ ಹಾಗೆ ತಡೆಯೋ ವ್ಯವಸ್ಥೆ ಇರಲೇಬೇಕು. ಅಲ್ಲಿನವರು ಮನೆಯಲ್ಲೇ ಮಾಡೋ ಒಂದು ಪರೀಕ್ಷೆ ಇದೆ: ನೆಲದ ಮೇಲೆ ಒಂದೂವರೆ ಇಂಚು ದಪ್ಪದ ಮರದ ತುಂಡು ಇಟ್ಟು ಬಾಗಿಲು ಇಳಿಸೋದು. ತಗುಲಿದ ಕೂಡಲೇ ಬಾಗಿಲು ವಾಪಸ್ ಮೇಲೆ ಹೋಗಬೇಕು. ನಾವು ಆರಿಸಿದ ಮೋಟರಿಗೆ ಈ ಬುದ್ಧಿ ಇರಲಿಲ್ಲ. ಅದಕ್ಕೆ ಬಾಗಿಲಿನ ಎರಡೂ ಬದಿಗೆ ಫೋಟೋ ಸೆನ್ಸರ್ ಬೇಕೇ ಬೇಕು ಅಂತ ಹಟ ಹಿಡಿದ್ವಿ. ಕಣ್ಣಿಗೆ ಕಾಣದ ಕಿರಣ ಅಡ್ಡ ಹೋಗ್ತಿರುತ್ತೆ, ಏನಾದ್ರೂ ಅದನ್ನು ತಡೆದ್ರೆ ಶಟರ್ ನಿಲ್ಲುತ್ತೆ. ಅಮೆರಿಕದ ರೂಢಿಯಂತೆ ನೆಲದಿಂದ 15 ಸೆಂಟಿಮೀಟರ್ ಎತ್ತರಕ್ಕೆ ಹಾಕಿಸಿದ್ವಿ.

ಇಲ್ಲೊಂದು ಕಡೆ ಮಾತ್ರ ನಮ್ಮ ಓದು ಕೆಲಸಕ್ಕೆ ಬಂತು ಅಂತ ಹೇಳ್ಕೊಳ್ತೀವಿ. ಹಾಕಿದ ದಿನ ಅಜ್ಜಿಯ ಊರುಗೋಲು, ಬಕೆಟ್ಟು, ತೆಂಗಿನಕಾಯಿ ಎಲ್ಲ ಇಟ್ಟು ಪರೀಕ್ಷೆ ಮಾಡಿದ್ವಿ. ಎಲ್ಲದಕ್ಕೂ ನಿಂತಿತು. ಕೊನೆಗೆ ಕಾರನ್ನೇ ಅರ್ಧ ಹೊರಗೆ ತಂದು ನಿಲ್ಲಿಸಿ ಬಟನ್ ಒತ್ತಿದ್ವಿ. ಶಟರ್ ಆರಾಮಾಗಿ ಕಾರಿನ ಮೇಲೆ ಇಳಿಯೋಕೆ ಶುರು ಮಾಡಿತು! ಕೂಗಿ ನಿಲ್ಲಿಸಿದ್ವಿ. ಬಗ್ಗಿ ನೋಡಿದ್ರೆ ಕಿರಣ ಎರಡು ಚಕ್ರದ ನಡುವೆ, ಕಾರಿನ ಹೊಟ್ಟೆಯ ಕೆಳಗಿಂದ ಹಾಯ್ದು ಹೋಗ್ತಿತ್ತು. ಕಾರಿನ ತಳ ನೆಲದಿಂದ 16 ಸೆಂಟಿಮೀಟರ್, ಕಿರಣ 15. ಮಣೆ ಮೇಲೆ ಕೂತ ಅಜ್ಜಿಗೆ ಕೆಳಗಿನ ಕಿರಣ, ಕಾರಿಗೆ ಮೊಣಕಾಲೆತ್ತರದ ಇನ್ನೊಂದು ಕಿರಣ ಅಂತ ಎರಡು ಜೊತೆ ಹಾಕಿಸಿದ್ವಿ. ಇಷ್ಟು ಹೊತ್ತಾದ ಮೇಲೆ ತಾನಾಗೇ ಮುಚ್ಚಿಕೊಳ್ಳೋ ಟೈಮರ್ ಸೌಲಭ್ಯವೂ ಇತ್ತು. ಅದನ್ನು ಬೇಡ ಅಂದ್ವಿ. ಮುಚ್ಚೋದು ಮನುಷ್ಯರೇ ನೋಡಿ ಮುಚ್ಚಬೇಕು.

ಇನ್ನು ರಿಮೋಟ್. ಅಗ್ಗದ ರಿಮೋಟ್‌ಗಳು ಪ್ರತಿ ಸಲವೂ ಅದೇ ಕೋಡ್ ಕಳಿಸ್ತವೆ. 12 ಬಿಟ್ ಅಂದ್ರೆ ಒಟ್ಟು 4096 ಕೋಡ್. 2015ರಲ್ಲಿ ಸ್ಯಾಮಿ ಕಾಮ್ಕರ್ ಅನ್ನೋ ಹ್ಯಾಕರ್ ಮಕ್ಕಳ ಆಟಿಕೆಯೊಂದನ್ನು ಸ್ವಲ್ಪ ಬದಲಾಯಿಸಿ, ಇಂಥ ಗ್ಯಾರೇಜ್ ಬಾಗಿಲುಗಳನ್ನು 10 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ತೆಗೆದು ತೋರಿಸಿದ. ಕೋಡ್‌ಗಳನ್ನು ಒಂದಾದ ಮೇಲೊಂದು ಕಳಿಸದೆ, ಒಂದರ ಬಾಲ ಇನ್ನೊಂದರ ತಲೆ ಆಗೋ ಹಾಗೆ ಹೆಣೆದು ಕಳಿಸಿದ್ದ. ಡಿಸ್ಕ್ರೀಟ್ ಮ್ಯಾತ್ಸ್ ಓದಿದೋರಿಗೆ ಡಿ ಬ್ರೂಯ್ನ್ ಸೀಕ್ವೆನ್ಸ್ ನೆನಪಿರಬಹುದು, ಅದೇ. ಹಾಗಾಗಿ ಪ್ರತಿ ಸಲ ಕೋಡ್ ಬದಲಾಗೋ ರೋಲಿಂಗ್ ಕೋಡ್ ರಿಮೋಟ್ ಕೇಳಿ ತಗೊಂಡ್ವಿ. ಬೆಲೆ ಸ್ವಲ್ಪ ಹೆಚ್ಚು. ಆದರೆ ಆ ಶೆಡ್ಡಿನಿಂದ ಅಡುಗೆಮನೆಗೆ ಒಂದೇ ಬಾಗಿಲು.

ಇದೆಲ್ಲ ಆಗಿ ನಾಲ್ಕು ತಿಂಗಳಾಯ್ತು. ಅಮ್ಮ ತಿರುವಿನಲ್ಲೇ ರಿಮೋಟ್ ಒತ್ತುತ್ತಾರಂತೆ, ಕಾರು ಬರೋ ಹೊತ್ತಿಗೆ ಶಟರ್ ಪೂರ್ತಿ ಮೇಲೆ. ಅಪ್ಪ ಈಗಲೂ 7:40ಕ್ಕೆ ಶೆಡ್ಡಿಗೆ ಬಂದು ನಿಲ್ತಾರೆ, ಕೈ ಹಿಂದಕ್ಕೆ ಕಟ್ಟಿಕೊಂಡು. ಸೊಂಟ ಪರವಾಗಿಲ್ಲ. ಅಜ್ಜಿಗೆ ಸದ್ದು ಸಾಲದು ಅಂತ ದೂರು.

ಕಳೆದ ವಾರ ಬೆಳಗ್ಗೆ ಕ್ಲಾಸಿಗೆ ಹೊರಟಾಗ ಅಮ್ಮನ ಫೋನ್ ಬಂತು. ರಾತ್ರಿಯಿಂದ ಕರೆಂಟ್ ಇರಲಿಲ್ಲವಂತೆ. “ತಂತಿ ಎಳೆದು ಕೈಯಲ್ಲೇ ಎತ್ತಿದೆ ಕಣ್ರೇ. ಒಂದೇ ಕೈಯಲ್ಲಿ” ಅಂದ್ರು. ಅಷ್ಟು ಹೇಳೋಕೇ ಫೋನ್ ಮಾಡಿದ್ರು.

ನಿಮ್ಮ ಮನೆಯಲ್ಲೂ ಶಟರ್ ಇದ್ರೆ ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅರ್ಧಕ್ಕೆ ಎತ್ತಿ, ಜೊತೆಗೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡು, ಮೆಲ್ಲಗೆ ಕೈ ಸಡಿಲಿಸಿ ನೋಡಿ. ನಿಂತ್ರೆ ಸರಿ. ಕೆಳಗೆ ಜಾರಿದ್ರೆ ಮೋಟರ್ ಹುಡುಕೋಕೆ ಮೊದಲು, ಅದನ್ನು ದಿನಾ ಎತ್ತುತ್ತಿರೋರು ಯಾರು ಅಂತ ಕೇಳಿ. ಅವರ ಸೊಂಟ ಹೇಗಿದೆ ಅಂತಾನೂ ಕೇಳಿ.